ಸಂಕದಾಚೆಯ ಅಂಗನವಾಡಿ

ಜಾವಳಿ
12 ಜುಲೈ 2024

ಶಿಲ್ಪಾ ಮೇಡಂ ಅವರಿಗೆ ನಮಸ್ಕಾರ.

ನನ್ನ ಹೆಸರು ಕವನಾ. ಅಂಗನವಾಡಿಗಳಿಗೆ ನೆರವಾಗುವ ನಿಮ್ಮ ಬಳಗದವರು ಕಳಿಸಿದ ಲಕೋಟೆಯೊಂದನ್ನು ಅಂಗನವಾಡಿಯ ತನುಜಾ ಟೀಚರ್ ನನ್ನ ಕೈಗಿಟ್ಟು, "ಮಗು ಮನೇಲಿ ಹೆಂಗಿರುತ್ತೆ ಅಂತ ಪ್ರತಿ ತಾಯೀನೂ ಚಿಕ್ಕಮಗಳೂರಿನ ಮೇಡಂಗೆ ಬರೀಬೇಕಂತೆ. ನೆಟ್‌ವರ್ಕ್ ಇಲ್ಲದ ಊರಿಗೆ ಇದೇ ವಾಟ್ಸಾಪ್ ಕಣ್ರೀ" ಎಂದರು. ಬೇರೆ ತಾಯಂದಿರು ಲಕೋಟೆಯನ್ನು ಮನೆಗೆ ಒಯ್ದರು. ನಾನು ಮಾತ್ರ ಇಲ್ಲೇ ಅಂಗನವಾಡಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ನಮ್ಮ ಮನೆಗೆ ಬರುವ ಪತ್ರ, ಮನೆಯಿಂದ ಹೋಗುವ ಪತ್ರ ಎಲ್ಲವನ್ನೂ ಮಾವ ರುದ್ರಪ್ಪನವರು ಸಂಜೆ ಕಾಫಿ ಹೊತ್ತಿಗೆ ಜಗಲಿಯಲ್ಲಿ ಗಟ್ಟಿಯಾಗಿ ಓದುತ್ತಾರೆ. ಅವರ ಅಪ್ಪನ ಕಾಲದಿಂದ ಬಂದ ಪದ್ಧತಿ. ಅದರಲ್ಲಿ ಕೆಟ್ಟ ಮನಸ್ಸೇನಿಲ್ಲ. ಆದರೆ ಜಗಲಿಯಲ್ಲಿ ಓದುವ ಪತ್ರದಲ್ಲಿ ಯಾರು ತಾನೆ ಏನು ಬರೆದಾರು, ನೀವೇ ಹೇಳಿ!

ಮಗಳು ರಕ್ಷಾಗೆ ಐದು ವರ್ಷ. ಮಾತು ತಡವಾಯಿತು. ಮನೆಯಲ್ಲಿ "ಬೇಡ", "ಹೂಂ" ಬಿಟ್ಟರೆ ಇನ್ನೊಂದು ಮಾತಿರಲಿಲ್ಲ. ಮೂಡಿಗೆರೆಯ ಡಾಕ್ಟರು "ನಾಲ್ಕು ಮಕ್ಕಳ ಜೊತೆ ಬಿಡಿ" ಎಂದಿದ್ದಕ್ಕೆ ಮಾವನವರು ಒಪ್ಪಿದರು. ಇಲ್ಲದಿದ್ದರೆ ತೋಟದ ಮನೆಯ ಮಗು ಕೂಲಿ ಲೈನಿನ ಮಕ್ಕಳ ಪಕ್ಕ ಕೂರುವುದುಂಟೇ? ಬೆಳಿಗ್ಗೆ ಜೀಪು ತೆಗೆದುಕೊಂಡು ನನ್ನ ಯಜಮಾನರು ಮೇಲಿನ ತೋಟಕ್ಕೆ ಹೋಗುತ್ತಾರೆ. ಹಾಗಾಗಿ ಮಗುವನ್ನು ನಡೆಸಿಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂತು.

ತೋಟದೊಳಗಿಂದ ಇಳಿಯಬೇಕು. ಹಳ್ಳಕ್ಕೆ ಹಾಕಿದ ಮರದ ಸಂಕ ದಾಟಬೇಕು. ಆಮೇಲೆ ತೋಟದ ಕೂಲಿಯವರಿರುವ ಲೈನಿನ ಮನೆಗಳು, ಒಂದು ಏರು, ಟಾರ್ ರಸ್ತೆ. ಈಗಂತೂ ದಾರಿಯುದ್ದಕ್ಕೂ ರಕ್ತ ಹೀರುವ ಇಂಬಳ. ನಿಂತರೆ ಕಾಲಿಗೆ ಹತ್ತುತ್ತವೆ, ಓಡಿದರೆ ಜಾರುತ್ತೇವೆ. ರಕ್ಷಾ ಮೊದಲ ಸಲ ಉದ್ದಕ್ಕೆ ಮಾತಾಡಿದ್ದು ಸಂಕದ ಮೇಲೆಯೇ: "ಅಮ್ಮ, ನಿನ್ ಕಾಲಲ್ಲಿ ಇಂಬ್ಳ, ನನ್ ಕಾಲಲ್ಲೂ ಇಂಬ್ಳ!" ನಾನು ಇಂಬಳ ಕೀಳುವುದು ಮರೆತು ಅವಳನ್ನು ಎತ್ತಿಕೊಂಡು ಅತ್ತುಬಿಟ್ಟೆ. ಮನೆಗೆ ಹೋಗುವಾಗ ನನ್ನ ಸೀರೆಯ ಅಂಚೆಲ್ಲ ರಕ್ತ.

ಅಂಗನವಾಡಿಯಲ್ಲಿ ಸಹಾಯಕಿ ಜವರಮ್ಮ ಒಂದು ಲೋಟ ಕಾಫಿ ಕೊಡುತ್ತಾಳೆ, ಊರ ಸುದ್ದಿ ಕೊಡುತ್ತಾಳೆ. ಮತ್ತೆ ಹಿಂದಕ್ಕೆ. ಮಧ್ಯಾಹ್ನ ಇನ್ನೊಮ್ಮೆ. ಇದೇ ನನ್ನ ದಿನಚರಿ. ಪತ್ರ ಬರೆದು ರೂಢಿಯಿಲ್ಲ, ತಪ್ಪಿದ್ದರೆ ತಿದ್ದಿಕೊಳ್ಳಿ. ಉತ್ತರ ಬರೆದರೆ ಅಂಗನವಾಡಿಯ ವಿಳಾಸಕ್ಕೇ ಬರೆಯಿರಿ.

ಕವನಾ


ಚಿಕ್ಕಮಗಳೂರು
29 ಜುಲೈ 2024

ಪ್ರೀತಿಯ ಕವನಾ ಅವರೇ,

ಬಂದ ಪತ್ರಗಳಲ್ಲೆಲ್ಲ ನಿಮ್ಮದೇ ಉದ್ದ. ಉಳಿದವರು "ಮಗು ಚೆನ್ನಾಗಿದೆ, ಊಟ ಮಾಡುತ್ತದೆ" ಎಂದು ಮುಗಿಸಿದ್ದಾರೆ. ನಿಮ್ಮ ಪತ್ರವನ್ನು ನಮ್ಮ ಕಚೇರಿಯ ಸಭೆಯಲ್ಲಿ ಓದಿದೆ. ಆ ಇಂಬಳದ ಭಾಗವನ್ನು ಎಲ್ಲರೂ ಎರಡನೇ ಸಲ ಓದಿಸಿಕೊಂಡರು. ಇಷ್ಟು ಕಷ್ಟವನ್ನು ನಗುನಗುತ್ತಾ ಬರೆದಿದ್ದೀರಲ್ಲ! ಮಗುವಿನ ಕಲಿಕೆಗಾಗಿ ರಕ್ತ ಸುರಿಸಿಕೊಂಡು ನಡೆಯುವ ತಾಯಿ ಇರುವಾಗ, ಕುಟುಂಬಗಳಿಗೆ ಆಸಕ್ತಿಯಿಲ್ಲ ಎಂದು ಯಾರು ಹೇಳುತ್ತಾರೋ ನೋಡೋಣ.

ಅಂಗನವಾಡಿ ಮತ್ತು ಮನೆ ಹತ್ತಿರವಾಗಬೇಕು ಎಂಬುದೇ ನಮ್ಮ ಕೆಲಸದ ತಿರುಳು. ನಿಮ್ಮ ಕೇಂದ್ರ ನಡೆಯುತ್ತಿರುವುದು ಬಾಡಿಗೆ ಕೋಣೆಯಲ್ಲಿ, ಮಾಡು ಸೋರುತ್ತದೆ ಎಂದು ತನುಜಾ ಟೀಚರ್ ಬರೆದಿದ್ದಾರೆ. ಏನು ಮಾಡಬಹುದೋ ಯೋಚಿಸುತ್ತೇನೆ. ನನ್ನ ಮಗ ಮೋಹಿತ್‌ಗೂ ರಕ್ಷಾಳದೇ ವಯಸ್ಸು. ಅವನನ್ನು ಬೆಳಿಗ್ಗೆ ಸ್ಕೂಟರಿನಲ್ಲಿ ಡೇ ಕೇರ್‌ಗೆ ಬಿಟ್ಟು ಓಡುತ್ತೇನೆ. ಸಂಜೆ ಓಡಿ ಬಂದು ಎತ್ತಿಕೊಳ್ಳುತ್ತೇನೆ. ಅಷ್ಟಕ್ಕೇ ಸುಸ್ತಾಗುವ ನನಗೆ ನಿಮ್ಮನ್ನು ನೆನೆದರೆ ಕೈ ಮುಗಿಯಬೇಕೆನಿಸುತ್ತದೆ.

ನಿಮ್ಮ
ಶಿಲ್ಪಾ


ಜಾವಳಿ
21 ಆಗಸ್ಟ್ 2024

ಶಿಲ್ಪಾ ಮೇಡಂ,

ಅಯ್ಯೋ, ನನಗೆ ಯಾಕೆ ಕೈ ಮುಗಿಯುತ್ತೀರಿ? ನಾನು ಕಷ್ಟ ಎಂದು ಬರೆಯಲಿಲ್ಲವಲ್ಲ. ನನಗೆ ಆ ದಾರಿ ಇಷ್ಟ. ಮದುವೆಯಾಗಿ ಬಂದ ಮೇಲೆ ನಾನು ಹೊಸಿಲು ದಾಟಿ ನಡೆದದ್ದು ರಕ್ಷಾ ಅಂಗನವಾಡಿಗೆ ಸೇರಿದ ಮೇಲೆಯೇ. "ನಮ್ಮನೆ ಹೆಂಗಸ್ರು ರಸ್ತೇಲಿ ನಡಿಯೋದಿಲ್ಲ" ಎನ್ನುವುದು ಮಾವನವರ ಮಾತು. ತವರಿಗೆ ಹೋದರೂ ಜೀಪು, ಬಣಕಲ್ಲಿನ ಅಂಗಡಿಗೆ ಹೋದರೂ ಜೀಪು. ಜೀಪಿನ ಗಾಜಿನಾಚೆ ನೋಡಿದ ಊರನ್ನು ಊರು ಎನ್ನಲಾಗುತ್ತದೆಯೇ?

ರಕ್ಷಾ ಈಗ ದಾರಿಯಲ್ಲಿ ಬಾಯಿ ಮುಚ್ಚುವುದಿಲ್ಲ. ಲೈನಿನ ಮಕ್ಕಳು ಅವಳಿಗೆ ಬೈಗುಳ ಕಲಿಸಿದ್ದಾರೆ, ಒಳ್ಳೆಯ ಬೈಗುಳವೇ. ಮನೆ ಗೇಟು ಕಂಡ ಕೂಡಲೇ ತಾನಾಗಿಯೇ ಸುಮ್ಮನಾಗುತ್ತಾಳೆ. ಅದು ನನಗೂ ರೂಢಿ. ಗೇಟಿನ ಹತ್ತಿರ ಬಂದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತೇವೆ.

ಮಾಡು ಸೋರುವ ಕಡೆ ಜವರಮ್ಮ ಪಾತ್ರೆ ಇಟ್ಟಿದ್ದಾಳೆ. ಅದಕ್ಕೇನಾದರೂ ಮಾಡಿಸಿ ಕೊಡಿ, ಸಾಕು.

ಕವನಾ


ಚಿಕ್ಕಮಗಳೂರು
5 ಅಕ್ಟೋಬರ್ 2024

ಪ್ರೀತಿಯ ಕವನಾ ಅವರೇ,

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕಾರಣವಿದೆ. ಸಿಹಿ ಸುದ್ದಿಯನ್ನು ಪೂರ್ತಿ ಬೇಯಿಸಿಯೇ ಬಡಿಸೋಣ ಎಂದುಕೊಂಡಿದ್ದೆ.

ಹೋದ ತಿಂಗಳು ನಾನು ಜಾವಳಿಗೆ ಬಂದಿದ್ದೆ. ನೀವು ಅಂದು ತವರಿನಲ್ಲಿದ್ದಿರಂತೆ. ನಿಮ್ಮ ಮಾವನವರನ್ನು ಕಂಡೆ. ಎಂಥಾ ದೊಡ್ಡ ಮನಸ್ಸು! "ಮಗು ಆ ದಾರೀಲಿ ಹೋಗೋದು ನಂಗೂ ಸರಿ ಕಾಣ್ತಿರ್ಲಿಲ್ಲ. ನಮ್ಮ ಪಾರ್ಚ್‌ಮೆಂಟ್ ಕಾಫಿ ಇಡೋ ಗೋದಾಮು ಖಾಲಿ ಇದೆ, ಅಲ್ಲೇ ನಡೆಸ್ಕೊಳ್ಳಿ" ಎಂದರು. ಕಾಫಿ ಒಣಗಿಸುವ ಕಣದ ಪಕ್ಕದ ಗೋದಾಮು, ಗಟ್ಟಿ ಮಾಡು, ಕಿಟಕಿ, ನೀರು. ಬಾಡಿಗೆಯೂ ಬೇಡವಂತೆ. ಲೈನಿನ ತಾಯಂದಿರಿಗೆ ಕೆಲಸಕ್ಕೆ ಹೋಗುವ ಹಾದಿಯಲ್ಲೇ ಸಿಗುತ್ತದೆ. ಇನ್ನು ನಿಮಗೋ, ಅಡಿಗೆಮನೆ ಬಾಗಿಲಿನಿಂದ ಕೂಗಿದರೆ ರಕ್ಷಾಗೆ ಕೇಳಿಸುತ್ತದೆ! ದೀಪಾವಳಿಗೆ ಮುಂಚೆ ಉದ್ಘಾಟನೆ.

ನಿಮ್ಮ ಮೊದಲ ಪತ್ರವೇ ಇದಕ್ಕೆಲ್ಲ ಕಾರಣ. ಇನ್ನು ಆ ಸಂಕ ದಾಟುವ ಕೆಲಸ ಇಲ್ಲ.

ಸಂತೋಷದಿಂದ
ಶಿಲ್ಪಾ


ಜಾವಳಿ
18 ನವೆಂಬರ್ 2024

ಮಾನ್ಯ ಶಿಲ್ಪಾ ಮೇಡಂ ಅವರಿಗೆ ಗೌರವಪೂರ್ವಕ ನಮಸ್ಕಾರಗಳು.

ಪೂಜ್ಯ ಮಾವನವರ ಔದಾರ್ಯದಿಂದ ಅಂಗನವಾಡಿ ಕೇಂದ್ರವು ನಮ್ಮ ಅಂಗಳದಲ್ಲಿ ಸುಗಮವಾಗಿ ನಡೆಯುತ್ತಿದೆ. ಮಾವನವರು ದಿನವೂ ಕೇಂದ್ರಕ್ಕೆ ಬಂದು ಮಕ್ಕಳನ್ನು ವಿಚಾರಿಸುತ್ತಾರೆ. ಕೇಂದ್ರದ ಅಂಚೆಯೂ ಈಗ ನಮ್ಮ ಮನೆಯ ಪೆಟ್ಟಿಗೆಗೇ ಬರುವುದರಿಂದ ಟೀಚರಿಗೆ ಓಡಾಟ ತಪ್ಪಿದೆ. ತಾಯಂದಿರ ಸಮಿತಿಗೆ ನನ್ನನ್ನು ಅಧ್ಯಕ್ಷೆಯನ್ನಾಗಿ ಮಾಡಿದ್ದಾರೆ. ಮಾವನವರೇ ನನ್ನ ಹೆಸರು ಸೂಚಿಸಿದರು. ಸಭೆಯಲ್ಲಿ ಅವರೇ ಮಾತಾಡಿದರು. ಲೈನಿನ ತಾಯಂದಿರೆಲ್ಲ ಅಂಗಳದಲ್ಲಿ ನಿಂತು ಕೇಳಿದರು.

ಮಗು ರಕ್ಷಾ ಕ್ಷೇಮ. ಈಗ ನಡೆಯುವ ಶ್ರಮ ಇಲ್ಲ. ನಿಮಗೆ ನಾವು ಸದಾ ಋಣಿಗಳು.

ಇಂತಿ
ಕವನಾ ಶಶಿಧರ್


ಚಿಕ್ಕಮಗಳೂರು
10 ಡಿಸೆಂಬರ್ 2024

ಪ್ರೀತಿಯ ಕವನಾ ಅವರೇ,

ಅಧ್ಯಕ್ಷೆಯಾದ ಮೇಲೆ ಭಾಷೆಯೂ ಅಧ್ಯಕ್ಷರದೇ ಆಗಿದೆ! ನಿಮ್ಮ ಕೇಂದ್ರದ ಚಿತ್ರ ನಮ್ಮ ಹೊಸ ವರ್ಷದ ಕ್ಯಾಲೆಂಡರಿನಲ್ಲಿ ಬರುತ್ತದೆ. ಗೋದಾಮಿನ ಬಾಗಿಲಲ್ಲಿ ಮಾವನವರು, ಸುತ್ತ ಮಕ್ಕಳು. ಅಜ್ಜನೇ ಬಂದು ದಿನವೂ ವಿಚಾರಿಸುವ ಅಂಗನವಾಡಿ ಇನ್ನೆಲ್ಲಿದೆ?

ಒಂದೇ ಕೊರತೆ. ರಕ್ಷಾ ಈಗ ಏನು ಮಾತಾಡುತ್ತಾಳೆ ಎಂದು ನೀವು ಬರೆಯಲೇ ಇಲ್ಲ. ಇಂಬಳದಂಥ ಕಥೆ ಇನ್ನೊಂದು ಬರಲಿ.

ಶಿಲ್ಪಾ


ಜಾವಳಿ
9 ಜನವರಿ 2025

ಮೇಡಂ,

ಈ ಪತ್ರವನ್ನು ಜವರಮ್ಮ ಕುಪ್ಪಸದೊಳಗೆ ಇಟ್ಟುಕೊಂಡು ಹೋಗಿ ಬಣಕಲ್ಲಿನಲ್ಲಿ ಡಬ್ಬಿಗೆ ಹಾಕುತ್ತಾಳೆ. ಜಗಲಿಯಲ್ಲಿ ಓದಿಸಿಕೊಳ್ಳದ ಪತ್ರ ಇದು. ಹಾಗಾಗಿ ಇದ್ದದ್ದನ್ನು ಇದ್ದಹಾಗೆ ಬರೆಯುತ್ತೇನೆ. ಎದ್ದು ಬಂದು ಎದೆಗೆ ಒದ್ದಹಾಗೆ ಆದರೆ ಆಗಲಿ.

ಕಥೆ ಬೇಕೆಂದಿರಲ್ಲ, ತೆಗೆದುಕೊಳ್ಳಿ. ರಕ್ಷಾ ಮಾತು ನಿಲ್ಲಿಸಿದ್ದಾಳೆ. ಮಾವನವರು ಗೋದಾಮಿನ ಬಾಗಿಲಿಗೆ ಬಂದು ನಿಂತು, "ಹೇಳು ಪುಟ್ಟಿ, ಅಜ್ಜನ ಹೆಸ್ರು ಹೇಳು, ಊರ ಹೆಸ್ರು ಹೇಳು" ಎನ್ನುತ್ತಾರೆ. ಅವಳು ನೆಲ ನೋಡುತ್ತಾಳೆ. ಆಗ ಅವರೇ ಹೇಳಿ, ಅವರೇ ಚಪ್ಪಾಳೆ ತಟ್ಟುತ್ತಾರೆ. ಉಳಿದ ಮಕ್ಕಳೂ ಪಿಸುಗುಟ್ಟುವುದೇ. ಕಣದ ತುಂಬ ಕಾಫಿ ಹರವಿದ್ದೇವೆ, ಓಡುವಂತಿಲ್ಲ. ಒಂದು ಮಗು ಕಾಲಿಟ್ಟಿತೆಂದು ಅದರ ತಾಯಿ ಮಾವನವರ ಎದುರು ಮಗುವಿಗೆ ಬಾರಿಸಿದಳು. ಮಾವನವರು ಬೈದಿರಲೇ ಇಲ್ಲ. ಆದರೂ ಅವಳು ಹೊಡೆದಳು.

ಇನ್ನು ನನ್ನ ಕಥೆ. ನೀವು ನನ್ನ ದಾರಿ ಕಿತ್ತುಕೊಂಡಿರಿ. ನನಗೆ ಇದ್ದದ್ದು ಅದೊಂದೇ. ಆ ದಾರಿಯಲ್ಲಿ ನಾನು ಯಾರ ಸೊಸೆಯೂ ಆಗಿರಲಿಲ್ಲ, ಬರೀ ಇಂಬಳ ಕಿತ್ತುಕೊಳ್ಳುವ ಹೆಂಗಸಾಗಿದ್ದೆ. ಅಡಿಗೆಮನೆಯಿಂದ ಗೋದಾಮಿಗೆ, ಗೋದಾಮಿನಿಂದ ಅಡಿಗೆಮನೆಗೆ, ಈಗ ನನ್ನ ಲೋಕ ಇಷ್ಟು. ಇಷ್ಟ ಎಂದು ಬರೆದಿದ್ದೆನಲ್ಲ ಮೇಡಂ! ಅಕ್ಷರ ಸರಿಯಾಗಿ ಬರೆದಿರಲಿಲ್ಲವೇ? ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರಲ್ಲ, ಹಾಗಾಯಿತು ನಿಮ್ಮ ಉಪಕಾರ.

ಯಜಮಾನರಿಗೆ ಹೇಳಿದೆ. "ಅಪ್ಪ ಜಾಗ ಕೊಟ್ಟಿದಾರೆ, ಊರೆಲ್ಲ ಹೊಗಳ್ತಿದೆ, ನಿಂಗೇನು ಕಷ್ಟ ಮಾರಾಯ್ತಿ?" ಎಂದರು. ಏನು ಕಷ್ಟ? ಕಾಲಿಗೆ ಇಂಬಳ ಹತ್ತುವುದಿಲ್ಲ, ಬಿಸಿಲು ತಾಗುವುದಿಲ್ಲ. ಹೇಳಿಕೊಳ್ಳುವಂಥ ಕಷ್ಟವೇ ಇಲ್ಲ. ಅದೇ ಕಷ್ಟ.

ಕೇಂದ್ರವನ್ನು ಹಳೆಯ ಜಾಗಕ್ಕೆ ಒಯ್ಯಿರಿ ಎಂದು ಕೇಳಲು ಕೂತಿದ್ದೆ. ಕೇಳಲಾರೆ. ಲೈನಿನ ತಾಯಂದಿರಿಗೆ ನಿಜಕ್ಕೂ ಹತ್ತಿರವಾಗಿದೆ. ಹಾಲು ಕುಡಿಯುವ ಮಗುವಿನ ತಾಯಿ ಮಧ್ಯೆ ಓಡಿ ಬಂದು ಹಾಲು ಕೊಟ್ಟು ಹೋಗುತ್ತಾಳೆ. ಅದನ್ನು ಕಂಡಾಗ ನನ್ನ ಸಿಟ್ಟಿನ ಬಗ್ಗೆಯೇ ನನಗೆ ಸಿಟ್ಟು ಬರುತ್ತದೆ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಉತ್ತರ ಬರೆಯುವುದಾದರೆ ಜವರಮ್ಮನ ಹೆಸರಿಗೆ ಬರೆಯಿರಿ. ಅವಳ ಮನೆಯಲ್ಲಿ ಓದುವವರಿಲ್ಲ.

ಕವನಾ


ಚಿಕ್ಕಮಗಳೂರು
24 ಜನವರಿ 2025

ಕವನಾ,

"ಅವರೇ" ಬಿಟ್ಟಿದ್ದೇನೆ. ಇಷ್ಟು ಬೈಸಿಕೊಂಡ ಮೇಲೆ ಬಹುವಚನದ ದೂರ ಯಾಕೆ? ನೀನೂ ಬಿಡು.

ನಿನ್ನ ಆಗಸ್ಟಿನ ಪತ್ರ ತೆಗೆದು ಮತ್ತೆ ಓದಿದೆ. "ನನಗೆ ಆ ದಾರಿ ಇಷ್ಟ." ಅಂಗೈ ಅಗಲದ ಅಕ್ಷರ. ನಾನು ಓದಿದ್ದೆ, ಆದರೆ ನಂಬಿರಲಿಲ್ಲ. ಪಾಪ, ಸಂಕೋಚಕ್ಕೆ ಹೇಳುತ್ತಾಳೆ ಎಂದುಕೊಂಡೆ. ನನಗೆ ದಾರಿ ಎಂದರೆ ತಡ. ಸಿಗ್ನಲ್ಲು, ಟ್ರಾಫಿಕ್ಕು, ಹಿಂದೆ ಕೂತು "ಅಮ್ಮಾ, ಅಮ್ಮಾ" ಎನ್ನುವ ಮೋಹಿತ್‌ಗೆ "ಆಮೇಲೆ ಹೇಳು" ಎನ್ನುವುದು. ಯಾರಾದರೂ ನನ್ನ ದಾರಿಯನ್ನು ಅಳಿಸಿದರೆ ಕಾಲಿಗೆ ಬೀಳುತ್ತೇನೆ. ಅದನ್ನೇ ನಿನಗೆ ಮಾಡಿದೆ.

ಕೇಂದ್ರವನ್ನು ನಾನೂ ಕದಲಿಸಲಾರೆ. ಒಪ್ಪಂದಕ್ಕೆ ಸಹಿಯಾಗಿದೆ. ಮೇಲಿನವರಿಗೆ ಜಾವಳಿಯೇ ಮಾದರಿ. ನಿನ್ನ ಮಾವನವರು ನಗುತ್ತಿರುವ ಕ್ಯಾಲೆಂಡರ್ ನನ್ನ ಮೇಜಿನ ಎದುರಿಗೇ ತೂಗುತ್ತಿದೆ, ತಲೆ ಎತ್ತಿದರೆ ಅವರೇ. ಈ ಕಚೇರಿಯೇ ನನ್ನ ಗೋದಾಮು, ಅದೂ ಇಷ್ಟೇ ಇದೆ ಕವನಾ.

ಆದರೆ ಒಂದು ಇದೆ. ಸಮಿತಿಯ ಅಧ್ಯಕ್ಷೆ ವಾರಕ್ಕೊಮ್ಮೆ ಟೀಚರ್ ಜೊತೆ ಮನೆಭೇಟಿಗೆ ಹೋಗಬೇಕು. ಬಸುರಿಯರು, ಬಾಣಂತಿಯರು, ಕೇಂದ್ರಕ್ಕೆ ಬಾರದ ಮಕ್ಕಳು ಇರುವ ಮನೆಗಳಿಗೆ, ನಡೆದು. ನಿಯಮ ನಾನು ಹುಟ್ಟಿಸಿದ್ದಲ್ಲ, ಮೊದಲಿಂದ ಇದೆ. ಯಾವ ಊರಲ್ಲೂ ಯಾರೂ ಪಾಲಿಸುವುದಿಲ್ಲ, ಅಷ್ಟೇ. ಅಧ್ಯಕ್ಷೆ ಮಗುವಿನ ತಾಯಿಯೇ ಆಗಿರಬೇಕು. ನಿನ್ನ ಹೆಸರು ಸೂಚಿಸಿದವರು ಯಾರು? ಮಾವನವರೇ.

ಮುಂದಿನ ಪತ್ರ ನಿಮ್ಮ ಮನೆಯ ಪೆಟ್ಟಿಗೆಗೇ ಬರುತ್ತದೆ. ಮೇಲೆ ನಿನ್ನ ಹೆಸರಿರುತ್ತದೆ, ಆದರೆ ಅದು ನಿನಗೆ ಬರೆದದ್ದಲ್ಲ. ಜಗಲಿಗೆ ಬರೆದದ್ದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವರು ಓದುವಾಗ ನಗಬೇಡ.

ಶಿಲ್ಪಾ


ಚಿಕ್ಕಮಗಳೂರು
3 ಫೆಬ್ರವರಿ 2025

ಶ್ರೀಮತಿ ಕವನಾ ಶಶಿಧರ್
ಅಧ್ಯಕ್ಷರು, ತಾಯಂದಿರ ಸಮಿತಿ

ಮಾನ್ಯರೇ,

ಶ್ರೀಯುತ ರುದ್ರಪ್ಪನವರಂಥ ಹಿರಿಯರ ಮಾರ್ಗದರ್ಶನದಲ್ಲಿ ತಮ್ಮ ಕೇಂದ್ರವು ಇಡೀ ಸೀಮೆಗೇ ಕೀರ್ತಿ ತಂದಿದೆ. ಇಂಥ ಮನೆತನದಿಂದ ಬಂದ ಅಧ್ಯಕ್ಷರು ನಿಯಮಪಾಲನೆಯಲ್ಲೂ ಮೊದಲಿಗರಾಗುತ್ತಾರೆಂದು ನಮ್ಮ ಬಳಗ ನಂಬಿದೆ. ಅಧ್ಯಕ್ಷರು ಪ್ರತಿ ವಾರ ಟೀಚರ್ ಜೊತೆಗೂಡಿ ಕೇಂದ್ರದ ವ್ಯಾಪ್ತಿಯ ಮನೆಗಳಿಗೆ ಖುದ್ದು ಭೇಟಿ ನೀಡತಕ್ಕದ್ದು. ವಾಹನ ಬಳಸಿದರೆ ದಾರಿಯ ಮನೆಗಳು ತಪ್ಪಿಹೋಗುವುದರಿಂದ ಕಾಲ್ನಡಿಗೆಯಲ್ಲೇ ಹೋಗಬೇಕು. ಬೇರೆ ಕೇಂದ್ರಗಳ ಅಧ್ಯಕ್ಷರು ಈ ಕರ್ತವ್ಯದಲ್ಲಿ ಹಿಂದೆ ಬಿದ್ದಿದ್ದಾರೆ. ಜಾವಳಿ ಹಿಂದೆ ಬೀಳದೆಂಬ ಭರವಸೆ ನಮಗಿದೆ.

ಗೌರವಗಳೊಂದಿಗೆ
ಶಿಲ್ಪಾ


ಜಾವಳಿ
20 ಮಾರ್ಚ್ 2025

ಶಿಲ್ಪಾ,

ಬಹುವಚನ ಬಿಡಲು ಕೈ ಬರುತ್ತಿಲ್ಲ, ಆದರೂ ಬಿಟ್ಟಿದ್ದೇನೆ.

ನಿನ್ನ ಪತ್ರವನ್ನು ಮಾವನವರು ಎರಡು ಸಲ ಓದಿದರು. "ಇಂಥ ಮನೆತನದಿಂದ" ಎನ್ನುವಲ್ಲಿ ಸ್ವಲ್ಪ ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. ನಾನು ಕಾಫಿ ಲೋಟ ಎತ್ತುವ ನೆಪದಲ್ಲಿ ಒಳಗೆ ಓಡಿ ಸೆರಗು ಬಾಯಿಗಿಟ್ಟುಕೊಂಡೆ. "ಜಾವಳಿ ಹಿಂದೆ ಬೀಳೋದಾ! ಹೋಗ್ಲಿ. ಆದ್ರೆ ಕವನಾ ಬರೀ ಟೀಚರ್ ಜೊತೆ ಬೇಡ. ಶಂಕರಮ್ಮ, ನೀನೂ ಹೋಗು" ಎಂದು ಅತ್ತೆಯನ್ನು ಕಾವಲಿಗೆ ಹಾಕಿದರು. ನಾವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರಿದರು ನೋಡು.

ಮೊದಲ ದಿನ ಅತ್ತೆ ಕೊಡೆ ಹಿಡಿದು ಹಿಂದೆ ಬಂದರು. ತನುಜಾ ಟೀಚರ್ ಮುಂದೆ, ನಾನು ನಡುವೆ. ಹೂಮಳೆ ಬಂದು ಹೋಗಿತ್ತು, ತೋಟವೆಲ್ಲ ಕಾಫಿ ಹೂವಿನ ಗಮ. ಸಂಕದ ಹತ್ತಿರ ಅತ್ತೆ ನಿಂತರು. ಹೆದರಿದರೇನೋ ಎಂದು ಕೈ ಕೊಡಲು ಹೋದೆ. ಅವರು ಚಪ್ಪಲಿ ಬಿಚ್ಚಿಟ್ಟು ಸಂಕದ ಮೇಲೆ ಕೂತು ಕಾಲು ಇಳಿಬಿಟ್ಟರು! "ಮದ್ವೆ ದಿಬ್ಬಣ ಬರುವಾಗ ಇಲ್ಲಿ ನಡ್ಕೊಂಡು ದಾಟಿದ್ದೆ ಕಣೆ. ಆಮೇಲೆ ಇವತ್ತೇ" ಎಂದರು. ಮದುವೆಯಾಗಿ ಬಂದಾಗಿನಿಂದ ಮಗನಿಗೆ ಮದುವೆ ಮಾಡಿದ ಮೇಲೂ, ಅಷ್ಟೂ ಕಾಲ ಅವರು ಊರನ್ನು ಜೀಪಿನ ಗಾಜಿನಾಚೆಯೇ ನೋಡಿದ್ದರು. ನಾನು ಅವರನ್ನು ನನ್ನ ಬಾಗಿಲಿಗೆ ಹಾಕಿದ ಬೀಗ ಎಂದುಕೊಂಡಿದ್ದೆ. ಅವರೂ ಒಳಗೇ ಇದ್ದವರು.

ಮರುವಾರ ನಾನು ಹೊರಡುವ ಮೊದಲೇ ಹೊಸಿಲಲ್ಲಿ ನಿಂತು, "ಇವತ್ತು ಯಾರ ಮನೇಗೆ? ದೂರದ್ದೇ ನೋಡು" ಎಂದರು.

ಇಷ್ಟನ್ನೇ ಬರೆದು ಮುಗಿಸಿದರೆ ನಿನಗೆ ಖುಷಿಯಾಗುತ್ತದೆ, ಇನ್ನೊಂದು ಕ್ಯಾಲೆಂಡರ್ ಮಾಡಿಸುತ್ತೀಯ. ಆದರೆ ನಾವು ಹೊರಡುವಾಗ ರಕ್ಷಾ ಗೋದಾಮಿನ ಕಿಟಕಿಯ ಸರಳು ಹಿಡಿದು ನಿಂತಿರುತ್ತಾಳೆ. ಕೇಂದ್ರದ ಹೊತ್ತಿನಲ್ಲಿ ಮಗುವನ್ನು ಕರೆದೊಯ್ಯುವಂತಿಲ್ಲ, ಅದೂ ನಿಯಮ. ಮೊನ್ನೆ ಬಹಳ ದಿನದ ಮೇಲೆ ಒಂದು ಮಾತಾಡಿದಳು: "ಅಮ್ಮ, ನಾನೂ." ಅಷ್ಟೇ. ಅವಳು ಹುಟ್ಟಿಸಿಕೊಟ್ಟ ದಾರಿಯಲ್ಲಿ ಅವಳನ್ನೇ ಬಿಟ್ಟು ನಡೆಯುತ್ತಿದ್ದೇನೆ.

ಜೂನ್‌ಗೆ ಅವಳು ಬಣಕಲ್ಲಿನಲ್ಲಿ ಒಂದನೇ ಕ್ಲಾಸು. ಶಾಲೆಯ ವ್ಯಾನು ಟಾರ್ ರಸ್ತೆಯವರೆಗೆ ಬರುತ್ತದೆ. ಅಲ್ಲಿಯವರೆಗೆ ನಡೆಯಬೇಕು, ಸಂಕ ದಾಟಿ, ಲೈನು ದಾಟಿ, ಇಬ್ಬರೂ ಕೈ ಹಿಡಿದುಕೊಂಡು. ಜೂನ್ ಎಂದರೆ ಇಂಬಳಗಳೂ ಬಂದಿರುತ್ತವೆ. ನಾನು ಆ ದಿನಕ್ಕೇ ಬದುಕುತ್ತಿದ್ದೇನೆ ಎಂದರೆ ನಗಬೇಡ.

ನಿನ್ನೆ ಊಟದ ಹೊತ್ತಿಗೆ ಮಾವನವರು, "ವ್ಯಾನಿನವನ ಹತ್ರ ಮಾತಾಡ್ತೀನಿ. ತೋಟದ ರಸ್ತೆಗೆ ಜಲ್ಲಿ ಹಾಕ್ಸಿದ್ರೆ ಅಂಗಳಕ್ಕೇ ಬರ್ತಾನೆ. ಮಗೂಗೆ ತೊಂದ್ರೆ ಯಾಕೆ?" ಎಂದರು. ನನ್ನ ಕೈಯಲ್ಲಿದ್ದ ಅನ್ನದ ಸೌಟು ಹಾಗೇ ನಿಂತಿತು. ಅತ್ತೆ ಸಾರು ಬಡಿಸುತ್ತಾ, ತಲೆ ಎತ್ತದೆ, "ವ್ಯಾನು ರಸ್ತೇಲೇ ನಿಲ್ಲಲಿ. ಅಲ್ಲೀತನಕ ನಾವು ನಡೀತೀವಿ" ಎಂದರು. ಈ ಮನೆಯಲ್ಲಿ ಅಂಥ ಮಾತು ಯಾರೂ ಕೇಳಿಲ್ಲ. ಮಾವನವರು ಕೇಳಿಸಿಕೊಂಡರೋ ಇಲ್ಲವೋ, ಮಜ್ಜಿಗೆ ಕೇಳಿದರು. ಯಜಮಾನರು ತಟ್ಟೆ ನೋಡುತ್ತಿದ್ದರು. ಇನ್ನೂ ಏನೂ ತೀರ್ಮಾನವಾಗಿಲ್ಲ.

ಅವರು ನಿನಗೆ ಪತ್ರ ಬರೆಯಬಹುದು. ಜಲ್ಲಿಗೆ, ವ್ಯಾನಿಗೆ ನಿಮ್ಮ ಬಳಗದ ಕಡೆಯಿಂದ ಏನಾದರೂ ಆಗುತ್ತದೆಯೇ ಎಂದು ಕೇಳಬಹುದು. ಅದಕ್ಕೇ ಅವರಿಗಿಂತ ಮುಂಚೆ ನಾನು ಬರೆಯುತ್ತಿದ್ದೇನೆ. ಇದನ್ನೂ ಜವರಮ್ಮನೇ ಒಯ್ಯುತ್ತಾಳೆ.

ನಿನ್ನ ಮನಸ್ಸು ಒಳ್ಳೆಯದು, ನನಗೆ ಗೊತ್ತು. ದಮ್ಮಯ್ಯ ಅನ್ನುತ್ತೇನೆ ಶಿಲ್ಪಾ, ಈ ಒಂದು ಸಲ ನಮಗೆ ಉಪಕಾರ ಮಾಡಬೇಡ.

ಕವನಾ